ಒಳಗಾಜನ್ನು ಮುಟ್ಟಬೇಡಿ

ಹಿಮದ ಮೇಲೆ ಜಾರುವವರು ಹಾಕುವ ಸ್ಕೀ ಗಾಗಲ್‌ನ ಅಂಚಿಗೆ ಮೂರು ಪದರದ ಸ್ಪಂಜು ಇರುತ್ತದೆ. ಚೌಕಟ್ಟಿಗೆ ಅಂಟಿಕೊಂಡದ್ದು ಗಟ್ಟಿ, ನಡುವಿನದು ಮೆತ್ತಗೆ, ಕೆನ್ನೆಗೆ ತಾಗುವ ಮೂರನೆಯದು ಎರಡು ಮಿಲಿಮೀಟರ್ ದಪ್ಪದ, ಉಣ್ಣೆಯಂಥ ಬಟ್ಟೆ. ಹೊಸದರಲ್ಲಿ ಅದಕ್ಕೆ ಹವಾಯಿ ಚಪ್ಪಲಿಯನ್ನು ಆಗತಾನೇ ಪ್ಲಾಸ್ಟಿಕ್ ಕವರಿನಿಂದ ತೆಗೆದಾಗಿನ ವಾಸನೆ.

ಹೋದ ವಾರ ಐರ್ಲೆಂಡಿನ ಸ್ಲೈಗೋದ ನಮ್ಮ ಕನ್ನಡಕದ ಅಂಗಡಿಗೆ ಚಳಿಗಾಲದ ಸರಕು ಬಂತು. ಮೊದಲ ಡಬ್ಬಿ ಬಿಚ್ಚಿದ್ದೇ ಆ ವಾಸನೆ ಮೂಗಿಗೆ ಹೊಡೆಯಿತು. ನಾಲ್ಕು ವರ್ಷದ ಹಿಂದಿನ ಒಂದು ಜನವರಿಯ ಕಿರಿಕಿರಿ, ಒಂದು ಚೂರೂ ಮಾಸದೆ, ಅದರ ಜೊತೆಗೇ ಬಂತು. ಒಂದು ಗಾಗಲ್ ಆರಿಸುವುದಕ್ಕೆ ನಾಲ್ಕು ಜನ ಓದಿದವರು ಮೂರು ವಾರ ತೆಗೆದುಕೊಂಡ ಜನವರಿ ಅದು.

ಆಗ ನಾನು ಕಾರ್ಕ್ ನಗರಕ್ಕೆ ಹೊಂದಿಕೊಂಡ ಬ್ಯಾಲಿನ್‌ಕೊಲಿಗ್‌ನಲ್ಲಿ ಅಕ್ಕನ ಮನೆಯಲ್ಲಿದ್ದೆ. ಬೆಂಗಳೂರಿನಲ್ಲಿ ಆಪ್ಟೋಮೆಟ್ರಿ ಓದಿ ಬಂದಿದ್ದರೂ ಇಲ್ಲಿನ ನೋಂದಣಿ ಇನ್ನೂ ಆಗಿರಲಿಲ್ಲ. ಆಗುವವರೆಗೆ ನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಸಹಾಯಕಿ. ಫ್ರೇಮು ಬಗ್ಗಿಸಬಹುದು, ಸ್ಕ್ರೂ ಬಿಗಿಮಾಡಬಹುದು, ಮೂಗಿನ ಅಳತೆ ತೆಗೆಯಬಹುದು. ಯಾರ ಕಣ್ಣನ್ನೂ ಪರೀಕ್ಷಿಸುವಂತಿಲ್ಲ. ಅಕ್ಕ ವಸುಧಾ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ಭಾವ ನಾಗೇಶ್ ಸಾಫ್ಟ್‌ವೇರ್ ಇಂಜಿನಿಯರ್, ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. ಅವರ ಒಬ್ಬಳೇ ಮಗಳು ಇಳಾ ಇಲ್ಲೇ ಹುಟ್ಟಿದವಳು. ಆಗ ಹದಿನೈದು ವರ್ಷ.

ಇಲ್ಲಿನ ಶಾಲೆಗಳಲ್ಲಿ ಒಂದು ದೊಡ್ಡ ಪರೀಕ್ಷೆ ಮುಗಿದು ಇನ್ನೊಂದರ ಓದು ಶುರುವಾಗುವ ಮೊದಲು ಒಂದು ವರ್ಷ ಬಿಡುವಿನ ಹಾಗೆ ಬರುತ್ತದೆ. ಟ್ರಾನ್ಸಿಷನ್ ಇಯರ್ ಅನ್ನುತ್ತಾರೆ. ಆ ವರ್ಷ ಮಕ್ಕಳು ನಾಟಕ ಆಡುತ್ತಾರೆ, ಅಂಗಡಿಗಳಲ್ಲಿ ಕೆಲಸ ಕಲಿಯುತ್ತಾರೆ, ಫೆಬ್ರವರಿಯ ರಜೆಯಲ್ಲಿ ಬಸ್ಸು ತುಂಬಾ ಆಸ್ಟ್ರಿಯಾಕ್ಕೋ ಇಟಲಿಗೋ ಸ್ಕೀ ಮಾಡಲು ಹೋಗುತ್ತಾರೆ. ಇಳಾಳ ತರಗತಿ ಆಸ್ಟ್ರಿಯಾಕ್ಕೆ ಹೊರಟಿತ್ತು. ಹೆಲ್ಮೆಟ್, ಬೂಟು, ಸ್ಕೀ ಎಲ್ಲ ಅಲ್ಲಿಯೇ ಬಾಡಿಗೆಗೆ ಸಿಗುತ್ತದೆ, ಗಾಗಲ್ ಮಾತ್ರ ಅವರವರೇ ತರಬೇಕು ಎಂದು ಶಾಲೆಯಿಂದ ಪಟ್ಟಿ ಬಂತು.

"ಕಣ್ಣಿನ ವಿಷಯ ಅಲ್ವಾ, ಸುಮಿ ನೋಡ್ಕೋತಾಳೆ ಬಿಡಿ" ಎಂದಳು ಅಕ್ಕ. ಅಲ್ಲಿಗೆ ಕೆಲಸ ನನ್ನ ಪಾಲಿಗೆ ಬಂತು. ಅಧಿಕಾರ ಮಾತ್ರ ಬರಲಿಲ್ಲ.

ಇಳಾಳ ಎಡಗಣ್ಣು ಮಂದ. ಕಣ್ಣಿನಲ್ಲಿ ಗಾಯವಿಲ್ಲ, ರೋಗವಿಲ್ಲ. ಚಿಕ್ಕಂದಿನಲ್ಲಿ ಎರಡು ಕಣ್ಣಿನ ನಂಬರಿನ ನಡುವೆ ಬಹಳ ಅಂತರವಿದ್ದದ್ದರಿಂದ ಮಿದುಳು ಬಲಗಣ್ಣನ್ನು ಮಾತ್ರ ನಂಬುವುದನ್ನು ರೂಢಿಮಾಡಿಕೊಂಡಿತು. ಇದಕ್ಕೆ ಮದ್ದು ಸರಳ. ಐದಾರು ವರ್ಷದ ಮಗುವಿಗೆ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿನ ಮೇಲೆ ದಿನಕ್ಕಿಷ್ಟು ಗಂಟೆ ಪ್ಯಾಚ್ ಅಂಟಿಸಿ ಮಂದ ಕಣ್ಣನ್ನು ದುಡಿಸಬೇಕು. ಅಕ್ಕನ ಮನೆಯಲ್ಲಿ ಪ್ಯಾಚ್‌ಗಳ ಪೊಟ್ಟಣ ಇತ್ತು. ಆದರೆ ಬಾಗಿಲ ಗಂಟೆ ಬಾರಿಸಿತೆಂದರೆ ಪ್ಯಾಚ್ ಕೀಳುತ್ತಿದ್ದರು. ಹುಟ್ಟುಹಬ್ಬಕ್ಕೆ ಕೀಳುತ್ತಿದ್ದರು, ಕನ್ನಡದವರ ಯುಗಾದಿ ಕೂಟಕ್ಕೆ ಕೀಳುತ್ತಿದ್ದರು, ಊರಿಂದ ವಿಡಿಯೋ ಕಾಲ್ ಬಂದರೆ ಕೀಳುತ್ತಿದ್ದರು. ಹೆಣ್ಣುಮಗು, ನಾಳೆ ಸಂಬಂಧ ನೋಡುವಾಗ ಯಾರಾದರೂ ಈ ಫೋಟೋ ತೆಗೆದು ತೋರಿಸಿದರೆ? ಐರ್ಲೆಂಡಿನಲ್ಲಿ ಕೂತು, ಐದು ವರ್ಷದ ಮಗುವಿನ ಮದುವೆಗಾಗಿ, ಇಬ್ಬರು ಪದವೀಧರರು ಹೀಗೆ ಯೋಚಿಸಿದರು. ಅವರಲ್ಲಿ ಒಬ್ಬಳು ಡಾಕ್ಟರ್. ಆ ವಯಸ್ಸು ಕಳೆದುಹೋಯಿತು, ಕಣ್ಣು ಹಾಗೇ ಉಳಿಯಿತು.

ಇಷ್ಟೇ ಆಗಿದ್ದರೆ ಇರಲಿ ಎನ್ನಬಹುದಿತ್ತು. ಇಳಾ ಹತ್ತು ವರ್ಷದವಳಿದ್ದಾಗ, ಈ ಕಣ್ಣು ಯಾವಾಗ ಸರಿಹೋಗುತ್ತದೆ ಎಂದು ಕೇಳಿದಳಂತೆ. ಹದಿನೆಂಟು ತುಂಬಿದ ಮೇಲೆ ಲೇಸರ್ ಮಾಡಿಸಿದರೆ ಸರಿಹೋಗುತ್ತದೆ ಎಂದು ಅಕ್ಕ ಹೇಳಿಬಿಟ್ಟಳು. ಲೇಸರ್ ಕಣ್ಣಿನ ಗಾಜನ್ನು ತಿದ್ದಬಹುದು, ನೋಡುವುದನ್ನೇ ಕಲಿಯದ ಮಿದುಳನ್ನಲ್ಲ. ಇದು ಅಕ್ಕನಿಗೆ ಗೊತ್ತು. ನನಗೂ ಗೊತ್ತು. ನಾನು ಈ ಮನೆಗೆ ಬಂದ ಎರಡನೆಯ ದಿನವೇ ಅಡುಗೆಮನೆಯಲ್ಲಿ ನನ್ನಿಂದ ಮಾತು ತೆಗೆದುಕೊಂಡಳು. "ಅವಳಿಗೆ ಈಗ್ಲೇ ಏನೂ ಹೇಳ್ಬೇಡ ಸುಮಿ. ಹದಿನೆಂಟಾಗ್ಲಿ. ನಾನೇ ಹೇಳ್ತೀನಿ."

ಅಂದರೆ, ತನ್ನ ಹತ್ತಿರ ಒಂದು ಕಣ್ಣು ಬಳಕೆಗೆ, ಒಂದು ರಿಪೇರಿಗೆ ಕಾದಿದೆ ಎಂದುಕೊಂಡಿದ್ದ ಹುಡುಗಿಗೆ ನಾನು ಗಾಗಲ್ ಆರಿಸಬೇಕಿತ್ತು. ನನ್ನ ಒಂದೊಂದು ಷರತ್ತಿಗೂ ಒಂದೇ ಕಾರಣ. ಆ ಕಾರಣವನ್ನು ಮಾತ್ರ ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಭಾವ ಮೊದಲು ಎಕ್ಸೆಲ್ ಹಾಳೆ ಮಾಡಿದರು. ಮೂವತ್ತೊಂದು ಗಾಗಲ್, ಹದಿನಾಲ್ಕು ಕಾಲಮ್ಮು. ಗಾಜು ಚಪ್ಪಟೆಯೋ ಉಬ್ಬೋ, ಪಟ್ಟಿಯ ಅಗಲ ಎಷ್ಟು, ಯಾವ ದೇಶದಲ್ಲಿ ತಯಾರಾದದ್ದು, ಕೊಂಡವರು ಎಷ್ಟು ನಕ್ಷತ್ರ ಕೊಟ್ಟಿದ್ದಾರೆ. ಪ್ರತಿಯೊಂದಕ್ಕೂ ಅಂಕ, ಕೊನೆಯಲ್ಲಿ ಒಟ್ಟು. ಹದಿನಾಲ್ಕರಲ್ಲಿ ಎಲ್ಲಿಯೂ ಪೆಟ್ಟು ತಡೆಯುತ್ತದೆಯೇ ಎಂಬ ಕಾಲಮ್ಮು ಇರಲಿಲ್ಲ.

"ಭಾವ, ಗಾಜು ಒಡೆದ್ರೆ ಚೂರಾಗುತ್ತಾ ಇಲ್ವಾ ಅನ್ನೋದು ಇದ್ರಲ್ಲಿ ಎಲ್ಲಿದೆ?"

"ಅದು ಬೇಸಿಕ್ ಅಲ್ವೇನಮ್ಮಾ? ಎಲ್ಲದ್ರಲ್ಲೂ ಇದ್ದೇ ಇರುತ್ತೆ."

"ಇರಲ್ಲ."

"ಸರಿ, ಹದಿನೈದನೇ ಕಾಲಮ್ ಹಾಕೋಣ" ಎಂದು ಅವರು ಸಂತೋಷದಿಂದಲೇ ಹಾಕಿದರು. ಮಾರನೆಯ ದಿನದ ಹೊತ್ತಿಗೆ ಸಾಲುಗಳು ಮೂವತ್ತೊಂಬತ್ತಾಗಿದ್ದವು.

ಆಮೇಲೆ ವಾಟ್ಸ್ಯಾಪ್. ಭಾವ ಒಂದು ಸಂಜೆ ಕನ್ನಡದವರ ಗುಂಪಿನಲ್ಲಿ ಸಲಹೆ ಕೇಳಿಬಿಟ್ಟರು. ಅವರಲ್ಲಿ ಹಿಮದ ಮೇಲೆ ಜಾರಿದ ಅನುಭವ ಇದ್ದವರು ಡಬ್ಲಿನ್ ಹತ್ತಿರದ ಲೀಕ್ಸ್‌ಲಿಪ್‌ನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿದ್ದ ಪ್ರಕಾಶ್ ಒಬ್ಬರೇ. ಅದೂ ಒಂದೇ ಸಲ, ಎರಡೂವರೆ ದಿನ. ಅವರಿಂದ ಏಳು ನಿಮಿಷದ ಧ್ವನಿ ಸಂದೇಶ ಬಂತು. ಊಟದ ಮೇಜಿನ ಮೇಲೆ ಫೋನಿಟ್ಟು ಎಲ್ಲರೂ ಕೇಳಿದೆವು.

"ನಾಗೇಶ್, ಒಂದ್ ಮಾತ್ ಹೇಳ್ತೀನಿ ಕೇಳಿ. ಕಪ್ಪು ಗಾಜೇ ತಗೊಳ್ಳಿ. ಎಷ್ಟ್ ಕಪ್ಪು ಸಿಗುತ್ತೋ ಅಷ್ಟು. ಹಿಮ ಅಂದ್ರೆ ಏನ್ ತಿಳ್ಕೊಂಡ್ರಿ, ನಮ್ಮ ಮೇ ತಿಂಗಳ ಬಿಸಿಲಿನ ಅಪ್ಪ. ನಾನ್ ಹೋದಾಗ ಕಣ್ಣೆಲ್ಲಾ ನೀರು. ನಮ್ ಮನೆಯವ್ರು ಫಸ್ಟ್ ಡೇನೇ ಬಿದ್ರು, ಅದು ಬೇರೆ ವಿಷ್ಯ…"

ಆ ಬೇರೆ ವಿಷಯಕ್ಕೆ ನಾಲ್ಕು ನಿಮಿಷ ಹೋಯಿತು.

ಗಾಜು ಕಪ್ಪಗಿದ್ದಷ್ಟೂ ಕಣ್ಣಿಗೆ ರಕ್ಷಣೆ ಎನ್ನುವ ನಂಬಿಕೆ ನಮ್ಮವರಲ್ಲಿ ಎಷ್ಟು ಆಳವಾಗಿದೆ ಎಂದು ಆ ವಾರ ತಿಳಿಯಿತು. ಬಿಸಿಲಿನ ನಾಡಿನಿಂದ ಬಂದವರು, ಅದಕ್ಕೇ ಇರಬಹುದು. ನೇರಳಾತೀತ ಕಿರಣವನ್ನು ತಡೆಯುವುದು ಬಣ್ಣವಲ್ಲ, ಗಾಜಿನ ವಸ್ತು. ಬಣ್ಣ ಎಷ್ಟು ಬೆಳಕು ಒಳಬಿಡಬೇಕು ಎಂಬುದನ್ನಷ್ಟೇ ನಿರ್ಧರಿಸುತ್ತದೆ. ಎಸ್ ಸೊನ್ನೆ ಎಂದರೆ ಹೆಚ್ಚುಕಡಿಮೆ ಬಿಳಿ ಗಾಜು, ಎಸ್ ನಾಲ್ಕು ಎಂದರೆ ಕಡುಗಪ್ಪು. ಮೋಡ ಕವಿದ ದಿನ ಬೆಟ್ಟದ ಮೇಲೆ ಆಕಾಶವೂ ನೆಲವೂ ಒಂದೇ ಬಿಳುಪು. ಆಗ ಉಬ್ಬು ತಗ್ಗುಗಳ ನೆರಳು ಕಾಣಬೇಕಾದರೆ ತೆಳು ಬಣ್ಣದ ಗಾಜೇ ಬೇಕು. ಅದರಲ್ಲೂ ಎರಡು ಕಣ್ಣು ಸೇರಿ ಆಳ ಅಳೆಯಲಾರದವರಿಗೆ ಆ ನೆರಳೇ ಆಧಾರ. ಮೊದಲಿನದನ್ನೆಲ್ಲ ಮೇಜಿನ ಮುಂದೆ ವಿವರಿಸಿದೆ. ಕೊನೆಯ ವಾಕ್ಯ ಹೇಳಲಿಲ್ಲ. ಇಳಾ ಎದುರಿಗೇ ಕೂತು ಚಪಾತಿ ಹರಿಯುತ್ತಿದ್ದಳು.

"ಚಿಕ್ಕಿ, ಇಟ್ಸ್ ಗ್ರ್ಯಾಂಡ್" ಎಂದಳು ಅವಳು. ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಎಂದರೆ ಪರವಾಗಿಲ್ಲ ಬಿಡು ಎಂದಷ್ಟೇ. ಅವಳಿಗೆ ನಾವು ಕನ್ನಡದಲ್ಲಿ ಆಡಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಕಾರ್ಕ್‌ನವರ ರಾಗದ ಇಂಗ್ಲಿಷಿನಲ್ಲಿ. "ಐ ಪಿಕ್ಡ್ ಮೈನ್ ಆಲ್ರೆಡಿ."

ಫೋನಿನಲ್ಲಿ ತೋರಿಸಿದಳು. ಚೌಕಟ್ಟೇ ಇಲ್ಲದ, ಅರ್ಧ ಮುಖ ಮುಚ್ಚುವ, ಗುಲಾಬಿ ಕನ್ನಡಿಯಂಥ ಗಾಜು. ಎಸ್ ನಾಲ್ಕು. ಅವಳ ಗೆಳತಿ ಆಯೋಫಾ ಸೇರಿ ತರಗತಿಯ ಒಂಬತ್ತು ಹುಡುಗಿಯರು ಅದನ್ನೇ ತರುತ್ತಿದ್ದರು.

"ಇದು ನಿನಗೆ ಬೇಡ."

"ವೈ?"

"ಮೋಡ ಇದ್ದಾಗ ಏನೂ ಕಾಣಲ್ಲ."

"ಆಯೋಫಾಗೆ ಕಾಣುತ್ತೆ, ನನಗೆ ಕಾಣಲ್ವಾ?"

ಅವಳು ಕನ್ನಡದಲ್ಲಿ ಕೇಳಿದಳೆಂದರೆ ನಿಜವಾಗಿಯೂ ಉತ್ತರ ಬೇಕು ಎಂದರ್ಥ. ಅಕ್ಕ ಎದ್ದು ಮೊಸರು ತರಲು ಹೋದಳು. ಮೊಸರು ಮೇಜಿನ ಮೇಲೇ ಇತ್ತು. ನಾನು ಎಸ್ ಸೊನ್ನೆಯಿಂದ ಎಸ್ ನಾಲ್ಕರವರೆಗಿನ ವಿವರವನ್ನು ಮತ್ತೊಮ್ಮೆ ಮೊದಲಿನಿಂದ ಶುರುಮಾಡಿದೆ. ಅವಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡಳು. ಅವಳ ಜಾಗದಲ್ಲಿದ್ದಿದ್ದರೆ ನಾನೂ ಹಾಕಿಕೊಳ್ಳುತ್ತಿದ್ದೆ.

ಜನವರಿಯ ಮೂರನೆಯ ವಾರ ನಾನೂ ಅವಳೂ ಬಸ್ಸಿನಲ್ಲಿ ಕಾರ್ಕ್‌ಗೆ ಹೋಗಿ ಒಂದು ಕ್ರೀಡಾ ಸಾಮಗ್ರಿಯ ಅಂಗಡಿ ಹೊಕ್ಕೆವು. ಹೊರಗೆ ಎಂದಿನ ಮಳೆ, ಮೇಲಿನಿಂದಲ್ಲ, ಪಕ್ಕದಿಂದ ಬರುವುದು. ಎರಡು ಗಂಟೆ ಹಿಡಿಯಿತು. ಹೆಲ್ಮೆಟ್ ಹಾಕಿಸಿ ಅದರ ಮೇಲೆ ಗಾಗಲ್ ಹಾಕಿಸಿ ನೋಡಿದೆ. ಹಣೆಗೂ ಹೆಲ್ಮೆಟ್ಟಿಗೂ ನಡುವೆ ಸಂದು ಉಳಿಯಬಾರದು. ಮೂಗಿನ ಹತ್ತಿರ ಬೆಳಕು ನುಸುಳಬಾರದು. ಪಟ್ಟಿ ಬಿಡಿಸಿದಾಗಲೂ ಸ್ಪಂಜು ಒಂದು ಕ್ಷಣ ಕೆನ್ನೆಗೆ ಅಂಟಿ ನಿಲ್ಲಬೇಕು, ಹಾಗಿದ್ದರೆ ಅಳತೆ ಸರಿ ಎಂದರ್ಥ. ಎರಡು ಪದರದ ಗಾಜು, ಗುದ್ದಿದರೂ ಚೂರಾಗದ ಪಾಲಿಕಾರ್ಬನೇಟ್, ತಿಳಿ ಗುಲಾಬಿ ಬಣ್ಣ, ಎಸ್ ಎರಡು. ಹನ್ನೊಂದನೆಯದು ಸರಿಹೊಂದಿತು. ದಪ್ಪ ಕಪ್ಪು ಚೌಕಟ್ಟು.

ಇಳಾ ಕನ್ನಡಿಯಲ್ಲಿ ನೋಡಿಕೊಂಡಳು. "ಐ ಲುಕ್ ಲೈಕ್ ಎ ಪ್ಲಂಬರ್."

"ಪ್ಲಂಬರ್ ಕಣ್ಣು ಚೆನ್ನಾಗಿರುತ್ತೆ."

ಅವಳು ನಕ್ಕಳು. ನನ್ನ ಭುಜಕ್ಕೆ ತಲೆ ಒರಗಿಸಿ, ಬಹಳ ಹಗುರಾಗಿ ಹೇಳಿದಳು: "ಚಿಕ್ಕಿ, ರಿಲ್ಯಾಕ್ಸ್. ಒಂದು ಹೋದ್ರೂ ಇನ್ನೊಂದು ಇದೆಯಲ್ಲ. ಐ ಹ್ಯಾವ್ ಎ ಸ್ಪೇರ್. ಮೂರು ವರ್ಷ ಕಳೆದರೆ ಲೇಸರ್."

ಆಗ ಹೇಳಬಹುದಿತ್ತು. ಅಂಗಡಿಯಲ್ಲಿ ನಮ್ಮ ಭಾಷೆ ಬಲ್ಲವರು ಇನ್ನೊಬ್ಬರಿರಲಿಲ್ಲ. ನಾನು ಡಬ್ಬಿಯ ಹಿಂಬದಿ ತಿರುಗಿಸಿ, ಅಲ್ಲಿ ಹನ್ನೆರಡು ಭಾಷೆಗಳಲ್ಲಿ ಬರೆದಿದ್ದ ಸೂಚನೆಗಳನ್ನು, ಅವುಗಳಲ್ಲಿ ಹನ್ನೊಂದು ನನಗೆ ಬಾರದಿದ್ದರೂ, ಕೊನೆಯವರೆಗೆ ಓದಿದೆ.

ಆ ತಿಂಗಳಿಡೀ ಅಕ್ಕನ ಮೇಲೆ ಸಿಟ್ಟಿತ್ತು, ಭಾವನ ಕಾಲಮ್ಮುಗಳ ಮೇಲೆ, ಕಂಡೇ ಇರದ ಪ್ರಕಾಶರ ಮೇಲೆ. ಆ ಅಂಗಡಿಯಿಂದ ಬಸ್‌ಸ್ಟಾಪಿಗೆ ನಡೆಯುವಾಗ ಸಿಟ್ಟು ನನ್ನ ಮೇಲೆ ತಿರುಗಿತು. ತಿರುಗಿದ್ದಷ್ಟೇ, ಅದರಿಂದ ಏನನ್ನೂ ಮಾಡಲಿಲ್ಲ.

ಗಾಗಲ್‌ನ ಒಳಗಾಜಿಗೆ ಮಂಜು ಕಟ್ಟದಂತೆ ಒಂದು ತೆಳುವಾದ ಲೇಪ ಇರುತ್ತದೆ. ಬೆರಳಿನಿಂದ ಒರೆಸಿದರೂ ಅದು ಹಾಳು. ಮನೆಗೆ ಬಂದ ಮೇಲೆ ಒಂದು ಚೀಟಿ ಬರೆದೆ: "ಒಳಗಾಜನ್ನು ಮುಟ್ಟಬೇಡಿ. ಒದ್ದೆಯಾದರೆ ತಾನಾಗಿ ಒಣಗಲಿ." ಕೆಳಗೆ ಅದನ್ನೇ ಇಂಗ್ಲಿಷಿನಲ್ಲಿ. ಮಡಿಸಿ ಡಬ್ಬಿಯೊಳಗಿಟ್ಟೆ. ಅಕ್ಕ ಆಗ ಹತ್ತು ಅಡಿ ದೂರದಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಬಾಯಿಬಿಟ್ಟು ಹೇಳಿದ್ದರೆ ನಾಲ್ಕು ಮಾತು. ನನಗೆ ಮಾತಿಗಿಂತ ಚೀಟಿಯೇ ಸಲೀಸು, ಯಾವಾಗಲೂ.

ಆಸ್ಟ್ರಿಯಾಕ್ಕೆ ಹೋಗುವ ಮುಂಚೆ ಒಮ್ಮೆಯಾದರೂ ಅಭ್ಯಾಸ ಬೇಕು ಎಂದು ಶಾಲೆಯವರು ಹೇಳಿದ್ದರು. ಡಬ್ಲಿನ್ನಿನ ಅಂಚಿನ ಗುಡ್ಡದ ಇಳಿಜಾರಿನಲ್ಲಿ ಹಿಮವಿಲ್ಲದೆಯೇ ಸ್ಕೀ ಕಲಿಸುವ ಒಂದು ಜಾಗವಿದೆ. ಒಂದು ಶನಿವಾರ ನಾಲ್ವರೂ ಕಾರಿನಲ್ಲಿ ಹೊರಡುವುದೆಂದಾಯಿತು, ಮೂರು ಗಂಟೆಯ ದಾರಿ. ಬೆಳಿಗ್ಗೆ ಕೆಳಗಿಳಿದು ಬಂದರೆ ಗಾಗಲ್ ದೇವರ ಮುಂದೆ ಇತ್ತು. ಚೌಕಟ್ಟಿನ ಎರಡೂ ತುದಿಗೆ ಅರಿಶಿನ, ನಡುವೆ ಕುಂಕುಮ. ಹೊಸ ಕಾರಿಗೆ ಮಾಡುವ ಪೂಜೆಯ ಚಿಕ್ಕ ರೂಪ.

"ಅಮ್ಮಾ, ನೋ" ಎಂದಳು ಇಳಾ. "ಐ ಆಮ್ ನಾಟ್ ವೇರಿಂಗ್ ಕುಂಕುಮ ಆನ್ ಎ ಸ್ಕೀ ಸ್ಲೋಪ್."

"ಒಂದ್ ಚುಕ್ಕೆ ಕಣೇ ಕಂದ. ಯಾರ್ ನೋಡ್ತಾರೆ? ಒರೆಸ್ಕೋ ಆಮೇಲೆ."

ಅದೇನು ದೊಡ್ಡದಲ್ಲ, ಒಂದು ಚುಕ್ಕೆ ಕುಂಕುಮದಿಂದ ಯಾವ ಗಾಜೂ ಕೆಡುವುದಿಲ್ಲ ಎಂದುಕೊಂಡೆ. ಡಬ್ಬಿ ಎಲ್ಲೂ ಕಾಣಿಸಲಿಲ್ಲ. ಕೇಳಬೇಕಿತ್ತು, ಕೇಳಲಿಲ್ಲ.

ಆ ಇಳಿಜಾರು ದೂರದಿಂದ ನೋಡಿದರೆ ಹುಲ್ಲಿನ ನಡುವೆ ಹಾಸಿದ ಬೂದುಬಣ್ಣದ ಜಮಖಾನ. ಹತ್ತಿರ ಹೋದರೆ ಬಟ್ಟೆ ಒಗೆಯುವ ಬ್ರಷ್ಷಿನಂಥ ಗಡಸು ಎಳೆಗಳು. ಜಾರಲೆಂದು ಅದರ ಮೇಲೆ ನೀರು ಚಿಮುಕಿಸುತ್ತಾರೆ. ಆ ದಿನ ಚಿಮುಕಿಸುವ ಅಗತ್ಯವಿರಲಿಲ್ಲ, ಮಳೆ ಸಣ್ಣಗೆ ಹಿಡಿದುಕೊಂಡಿತ್ತು. ಅಕ್ಕ, ಭಾವ, ನಾನು ಬೇಲಿಯ ಪಕ್ಕ ಕೊಡೆ ಹಿಡಿದು ನಿಂತೆವು. ಭಾವ ಪುಳಿಯೋಗರೆಯ ಡಬ್ಬಿಯನ್ನು ಕೋಟಿನೊಳಗೆ ಬೆಚ್ಚಗಿಟ್ಟುಕೊಂಡಿದ್ದರು.

ಇಳಾ ಚೆನ್ನಾಗಿಯೇ ಕಲಿಯುತ್ತಿದ್ದಳು. ಮೊದಲ ಅರ್ಧ ಗಂಟೆ ನಾಲ್ಕು ಸಲ ಬಿದ್ದಳು, ನಾಲ್ಕು ಸಲವೂ ನಗುತ್ತ ಎದ್ದಳು. ಆಮೇಲೆ ಪ್ರತಿ ಸಲ ಕೆಳಗೆ ಬಂದಾಗಲೂ ಗಾಗಲ್ ಎತ್ತಿ ಒಳಗಡೆ ಕೈಗವಸಿನಿಂದ ಒರೆಸತೊಡಗಿದಳು. ನಾನು ಬೇಲಿಯ ಹತ್ತಿರ ಕರೆದೆ.

"ಒರೆಸ್ಬೇಡ ಅಂತ ಬರ್ದಿದ್ನಲ್ಲ!"

"ಐ ಕಾಂಟ್ ಸೀ, ಚಿಕ್ಕಿ. ಬರೀ ಹೊಗೆ."

ತೆಗೆದುಕೊಂಡು ಬೆಳಕಿಗೆ ಹಿಡಿದೆ. ಒಳಗಾಜಿನ ತುಂಬ ಕೂದಲೆಳೆಯಂಥ ಗೀರುಗಳು, ಸುತ್ತುಸುತ್ತಾಗಿ, ಬಾಣಲೆ ಉಜ್ಜಿದ ಹಾಗೆ. ನಾನು ಅಕ್ಕನತ್ತ ತಿರುಗಿದೆ.

"ಇದನ್ನ ತೊಳ್ದೆಯಾ?"

"ಹ್ಞೂಂ. ಬಿಸಿನೀರಲ್ಲಿ. ಅಂಗಡೀಲಿ ಎಷ್ಟ್ ಜನ ಮುಖಕ್ಕೆ ಹಾಕಿ ನೋಡಿರ್ತಾರೋ ಏನೋ! ಕಣ್ಣಿಗೆ ಇನ್ಫೆಕ್ಷನ್ ಬಂದ್ರೆ?"

"ಯಾವುದ್ರಲ್ಲಿ ಉಜ್ಜಿದೆ?"

"ಸೋಪ್ ಹಾಕಿ, ಪಾತ್ರೆ ಸ್ಕ್ರಬ್ಬರಲ್ಲಿ. ಮೆತ್ತಗೇ ಉಜ್ಜಿದ್ದು."

"ಚೀಟಿ ಇಟ್ಟಿದ್ನಲ್ಲ ಅಕ್ಕ ಡಬ್ಬೀಲಿ!"

"ಡಬ್ಬಿ ಆವತ್ತೇ ರೀಸೈಕ್ಲಿಂಗ್‌ಗೆ ಹಾಕ್ದೆ. ಚೀಟಿ ಯಾಕ್ ಬರೀತೀಯಾ, ಬಾಯಿ ಇಲ್ವಾ ನಿನಗೆ?"

ನಾವಿಬ್ಬರೂ ಹೀಗೆ ಕಿತ್ತಾಡುತ್ತಿರುವಾಗ ಇಳಾ ಗಾಗಲ್ ಇಸಿದುಕೊಂಡು, ಅದನ್ನು ಹೆಲ್ಮೆಟ್ಟಿನ ಮೇಲಕ್ಕೆ ಸರಿಸಿ, ಬರಿಗಣ್ಣಲ್ಲೇ ಮೇಲೆ ಹೋದಳು. ಅವಳು ಹೋದದ್ದನ್ನು ಇಬ್ಬರೂ ನೋಡಲಿಲ್ಲ.

ನೋಡಿದ್ದು ಭಾವ. "ಇಳಾ!" ಎಂದು ಅವರು ಕೂಗಿದಾಗ ತಿರುಗಿದೆ. ಅವಳ ಮುಂದೆ ನಡುವಯಸ್ಸಿನ ಒಬ್ಬ ಗೃಹಸ್ಥ, ಅವಳಷ್ಟೇ ಹೊಸಬ, ಬಿದ್ದು ಏಳಲು ಹೆಣಗುತ್ತಿದ್ದ. ಅವನಿಗೂ ತನಗೂ ಎಷ್ಟು ಅಂತರ ಎಂದು ಅವಳಿಗೆ ತಿಳಿಯಲಿಲ್ಲ. ಸಾಕಷ್ಟಿದೆ ಎಂದುಕೊಂಡು ಬಂದವಳು ನೇರ ಅವನ ಮೇಲೆಯೇ ಬಂದಳು. ಊರಿಕೊಂಡು ಏಳಲೆಂದು ಅವನು ಎತ್ತಿದ ಕೋಲಿನ ತುದಿ ಅವಳ ಮುಖಕ್ಕೆ ತಾಗಿತು.

ಅಕ್ಕ ಬೇಲಿ ಹಾರಿದಳು. ಅಷ್ಟು ವರ್ಷದಲ್ಲಿ ಅವಳು ಓಡಿದ್ದನ್ನು ನಾನು ನೋಡಿದ್ದೇ ಇಲ್ಲ. ಒದ್ದೆ ಬ್ರಷ್ಷಿನ ಮೇಲೆ ಮನೆಯ ಚಪ್ಪಟೆ ಶೂ ಜಾರಿ ಎರಡು ಸಲ ಮಂಡಿಯೂರಿದಳು, ಮತ್ತೆ ಎದ್ದಳು. ನಾನು ತಲುಪಿದಾಗ ಇಳಾಳ ಬಲಗಣ್ಣಿನ ಮೇಲೆ ಅಕ್ಕನ ದುಪಟ್ಟಾ ಇತ್ತು, ದುಪಟ್ಟಾ ಕೆಂಪಗಾಗುತ್ತಿತ್ತು. ಬಲಗಣ್ಣು. ಆ ಗೃಹಸ್ಥ "ಸಾರಿ, ಸೋ ಸಾರಿ" ಎನ್ನುತ್ತ ಮೂರೂ ಜನರ ಸುತ್ತ ಸ್ಕೀ ಸಮೇತ ಸುತ್ತುತ್ತಿದ್ದ.

ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗ ಕಿಕ್ಕಿರಿದಿತ್ತು. ಕಾರ್ಕ್‌ನಲ್ಲಾಗಿದ್ದರೆ ಅಕ್ಕನಿಗೆ ಒಳಗಿನ ಬಾಗಿಲುಗಳು ಗೊತ್ತು. ಇಲ್ಲಿ ಅವಳೂ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಒದ್ದೆ ಮಂಡಿಯಲ್ಲಿ, ಸರದಿಗೆ ಕಾದು ಕೂತ ಒಬ್ಬ ಅಮ್ಮ. ಇಳಾ ಗಾಬರಿಯಾಗಿರಲಿಲ್ಲ. ಅದೇ ನನಗೆ ಸಹಿಸಲಾಗದ್ದು. "ಇಟ್ಸ್ ಗ್ರ್ಯಾಂಡ್, ಅಮ್ಮಾ, ಇಟ್ಸ್ ಗ್ರ್ಯಾಂಡ್" ಎಂದು ಅವಳೇ ಸಮಾಧಾನ ಹೇಳುತ್ತಿದ್ದಳು.

ಮುಕ್ಕಾಲು ಗಂಟೆಯ ಮೇಲೆ ನರ್ಸ್ ಕರೆದರು. ಬೆಳ್ಳಿಕೂದಲಿನ, ದೊಡ್ಡ ಕೈಗಳ ಹೆಂಗಸು. ಬಟ್ಟೆ ಮೆಲ್ಲಗೆ ಎತ್ತಿ ನೋಡಿದರು. ಹುಬ್ಬಿನ ಕೆಳಗೆ ಸೀಳಿತ್ತು, ರೆಪ್ಪೆ ಆಗಲೇ ಊದಿ ಮುಚ್ಚಿಕೊಂಡಿತ್ತು; ಒಳಗೆ ಕಣ್ಣು ಹೇಗಿದೆಯೋ ಕಾಣುವಂತಿರಲಿಲ್ಲ.

"ಇದು ನಿಮಿಷದಲ್ಲಿ ಹೊಲಿಯುವಂಥದ್ದು, ಕಂದಾ" ಎಂಬರ್ಥದ ಮಾತು ಹೇಳಿ ಅವರು ಅಕ್ಕನಿಗೆ, ವೈದ್ಯರು ಬರಲು ಇನ್ನೂ ಒಂದೆರಡು ಗಂಟೆಯಾಗಬಹುದು ಎಂದರು.

ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಇಂಗ್ಲಿಷಿನಲ್ಲಿ ಹೇಳಿದಳು. "ಪ್ಲೀಸ್. ಇಟ್ಸ್ ಹರ್ ಓನ್ಲಿ ಗುಡ್ ಐ."

ನರ್ಸ್ ಪೆನ್ನು ಎತ್ತಿದರು. ಇನ್ನೊಂದಕ್ಕೆ ಏನಾಗಿದೆ ಎಂದು ಕೇಳಿದರು. ಅಕ್ಕ ಹೇಳಿದಳು, ಒಂದೊಂದಾಗಿ, ಕೇಸ್ ಹಾಳೆ ಓದಿದ ಹಾಗೆ: ಚಿಕ್ಕಂದಿನ ಮಂದಗಣ್ಣು, ಚಿಕಿತ್ಸೆ ಪೂರ್ತಿ ಆಗಲಿಲ್ಲ. ಇನ್ನು ಸರಿಪಡಿಸಲು ಆಗುವುದೇ ಎಂದು ನರ್ಸ್ ಕೇಳಿದರು. ಕೇಳಲೇಬೇಕಾದ ಪ್ರಶ್ನೆ, ಹಾಳೆಯಲ್ಲಿ ಅದಕ್ಕೊಂದು ಖಾನೆ ಇದ್ದಿರಬೇಕು.

"ನೋ" ಎಂದಳು ಅಕ್ಕ. "ಇಟ್ಸ್ ಟೂ ಲೇಟ್."

ಹತ್ತು ವರ್ಷ ನೆಂಟರಿಂದ, ಸ್ನೇಹಿತರಿಂದ, ಮಗಳಿಂದ ಮುಚ್ಚಿಟ್ಟದ್ದನ್ನು ಅವಳು ಹೆಸರು ಗೊತ್ತಿಲ್ಲದ ಒಬ್ಬರಿಗೆ ಒಂದು ನಿಮಿಷದಲ್ಲಿ ಹೇಳಿ ಮುಗಿಸಿದಳು. ನರ್ಸ್ ತಕ್ಷಣ ಎದ್ದು ಒಳಗೆ ಹೋದರು. ಇಳಾಳ ಮುಖ ಅಮ್ಮನ ಕಡೆಗೆ ತಿರುಗಿತ್ತು. "ಗ್ರ್ಯಾಂಡ್" ಅನ್ನುವುದನ್ನು ಅವಳು ನಿಲ್ಲಿಸಿದ್ದಳು.

ಹತ್ತು ನಿಮಿಷದೊಳಗೆ ಕಣ್ಣಿನ ವೈದ್ಯರು ಬಂದರು. ರೆಪ್ಪೆ ಬಿಡಿಸಿ, ಬಣ್ಣದ ಹನಿ ಹಾಕಿ, ನೀಲಿ ಬೆಳಕಿನಲ್ಲಿ ಬಹಳ ಹೊತ್ತು ನೋಡಿದರು. ಕಣ್ಣಿಗೆ ಏನೂ ಆಗಿರಲಿಲ್ಲ. ಹುಬ್ಬಿನ ಕೆಳಗೆ ನಾಲ್ಕು ಹೊಲಿಗೆ; ಊತ ಎರಡು ಮೂರು ದಿನ ಇರುತ್ತದೆ, ಆಮೇಲೆ ಇಳಿಯುತ್ತದೆ ಎಂದರು. ಭಾವ ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. ಪುಳಿಯೋಗರೆಯ ಡಬ್ಬಿ ಇನ್ನೂ ಅವರ ಕೋಟಿನೊಳಗಿತ್ತು.

ಮನೆಗೆ ಮತ್ತೆ ಮೂರು ಗಂಟೆಯ ದಾರಿ. ನಡುವೆ ಒಮ್ಮೆ ಅಕ್ಕ ಹಿಂದಕ್ಕೆ ತಿರುಗಿ "ಇಳೂ" ಎಂದಳು. ಇಳಾ ಕಿಟಕಿಗೆ ತಲೆ ಆನಿಸಿದ್ದಳು, ಕದಲಲಿಲ್ಲ. ನಿದ್ದೆ ಬಂದಿದೆ ಎಂದು ಭಾವ ಹೇಳಿದರು. ಬಂದಿರಲಿಲ್ಲ. ಪಕ್ಕದಲ್ಲಿದ್ದ ನನಗೆ ಅವಳ ಉಸಿರು ಕೇಳುತ್ತಿತ್ತು.

ಮಾರನೆಯ ಬೆಳಿಗ್ಗೆ, ಭಾನುವಾರ, ನಾನು ಅಡುಗೆಮನೆಯಲ್ಲಿ ಒಬ್ಬಳೇ ಟೀ ಕುಡಿಯುತ್ತಿದ್ದಾಗ ಮೆಟ್ಟಿಲ ಮೇಲೆ ಸದ್ದಾಯಿತು. ಬಹಳ ನಿಧಾನದ ಸದ್ದು. ಇಳಾ ಕಂಬಿ ಹಿಡಿದುಕೊಂಡು, ಒಂದೊಂದು ಮೆಟ್ಟಿಲನ್ನೂ ಪಾದದಿಂದ ತಡವಿ ಇಳಿಯುತ್ತಿದ್ದಳು. ಬಲಗಣ್ಣು ಊದಿ ಪೂರ್ತಿ ಮುಚ್ಚಿಹೋಗಿತ್ತು. ಕೈಯಲ್ಲಿದ್ದ ಫೋನನ್ನು ಮೂಗಿನ ಹತ್ತಿರ ಹಿಡಿದಳು, ದೂರ ಹಿಡಿದಳು, ಮತ್ತೆ ಹತ್ತಿರ ತಂದಳು. ಆಮೇಲೆ ಮೇಜಿನ ಮೇಲೆ ಇಟ್ಟಳು.

"ಆಯೋಫಾ ಮೆಸೇಜ್ ಮಾಡಿದಾಳೆ. ಓದಕ್ಕಾಗ್ತಿಲ್ಲ."

ಓದಿ ಹೇಳಿದೆ. ಹೇಗಿದ್ದೀಯ ಎಂದು ಕೇಳಿದ್ದಳು, ಮೂರು ಹೃದಯದ ಚಿತ್ರ ಹಾಕಿದ್ದಳು.

"ಚಿಕ್ಕಿ, ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಲೇಸರ್?"

"ಅದರಿಂದ ಆಗಲ್ಲ."

ಅವಳು ಫೋನನ್ನು ಮಗುಚಿ ಹಾಕಿದಳು. "ಹೌ ಬ್ಯಾಡ್ ಈಸ್ ಇಟ್? ಸ್ವಲ್ಪ ವೀಕ್ ಅಂತ ಹೇಳ್ಬೇಡ. ಸರಿಯಾಗಿ ಹೇಳು."

ನನಗೆ ಪರೀಕ್ಷೆ ಮಾಡುವ ಅನುಮತಿಯಿರಲಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಊರಿನಿಂದ ತಂದ ಕ್ಯಾಲೆಂಡರ್ ತೂಗುತ್ತಿತ್ತು, ತಾರೀಖುಗಳು ಎರಡು ಬೆರಳು ಅಗಲದ ಅಂಕಿಗಳಲ್ಲಿ. ಅವಳನ್ನು ಎದುರುಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದೆ. ಯಾವುದಾದರೂ ಒಂದು ಅಂಕಿ ಓದಲು ಆಗುವವರೆಗೆ ಮುಂದೆ ಬರುತ್ತಾ ಹೋಗು, ಎಣಿಸುವುದು ನನ್ನ ಕೆಲಸ ಎಂದೆ. ಅವಳು ಹೆಜ್ಜೆಯಿಟ್ಟಳು. ಕೆಂಪು ಬಣ್ಣ ಕಾಣುತ್ತದೆ ಎಂದಳು. ಇನ್ನೊಂದು ಹೆಜ್ಜೆ. ಏನೋ ದುಂಡಗಿದೆ ಎಂದಳು. ಕ್ಯಾಲೆಂಡರಿನಿಂದ ಎರಡು ಹೆಜ್ಜೆ ಇರುವಾಗ ನಿಂತು "ಎಯ್ಟೀನ್" ಎಂದಳು. ಹದಿನಾರಾಗಿತ್ತು. ಇನ್ನರ್ಧ ಹೆಜ್ಜೆ ಬಂದು ತಾನೇ ತಿದ್ದಿಕೊಂಡಳು.

ಬಲಗಣ್ಣಿನಿಂದಾದರೆ ಅದೇ ಅಂಕಿಯನ್ನು ಹಿತ್ತಲ ಬೇಲಿಯ ಆಚೆ ನಿಂತೂ ಓದುತ್ತೀಯ ಎಂದು ಹೇಳಿದೆ. ನೇರ ನೋಡಿದ್ದು ಮಾತ್ರ ಮಸುಕು, ಪಕ್ಕದಿಂದ ಬರುವುದು ಆ ಕಣ್ಣಿಗೂ ಕಾಣುತ್ತದೆ ಎಂದು ಹೇಳಿದೆ. ದೂರ ಅಳೆಯುವುದು ಯಾಕೆ ಕಷ್ಟ, ನಿನ್ನೆ ಆ ಮನುಷ್ಯ ಹತ್ತಿರವಿದ್ದದ್ದು ಯಾಕೆ ತಿಳಿಯಲಿಲ್ಲ, ಇರುವ ಒಂದನ್ನು ಯಾಕೆ ಜೋಪಾನ ಮಾಡಬೇಕು, ನಾನು ಯಾಕೆ ಪ್ಲಂಬರಿನ ಗಾಗಲ್ ಆರಿಸಿದೆ ಎಂದು ಒಂದೊಂದಾಗಿ ಹೇಳಿದೆ. ಐದು ವಾರದಿಂದ ನುಂಗಿಕೊಂಡಿದ್ದ ಕಾರಣಗಳು. ಹೇಳಿ ಮುಗಿಸಲು ಟೀ ಆರುವಷ್ಟು ಹೊತ್ತೂ ಬೇಕಾಗಲಿಲ್ಲ.

ಫೆಬ್ರವರಿಯಲ್ಲಿ ಅವಳು ಆಸ್ಟ್ರಿಯಾಕ್ಕೆ ಹೋಗಿ ಬಂದಳು. ಹೊಸ ಗಾಗಲ್ ಅನ್ನು ತಾನೇ ಅಂಗಡಿಗೆ ಹೋಗಿ, ತಾನೇ ಕೇಳಿ ಕೇಳಿ ತಂದಳು, ಶಿಕ್ಷಕಿಗೂ ವಿಷಯ ತಾನೇ ಹೇಳಿದಳು. ಅದೆಲ್ಲ ಆಮೇಲಿನದು.

ಆ ಬೆಳಿಗ್ಗೆ ಅವಳು ಕ್ಯಾಲೆಂಡರಿನ ಎದುರಿಗೇ ನಿಂತು, ಇನ್ನೊಂದು ಪ್ರಶ್ನೆ ಕೇಳಿದಳು. "ಟೂ ಲೇಟ್ ಅಂದ್ರೆ, ಮೊದಲು ಮಾಡಬಹುದಿತ್ತು ಅಂತ ತಾನೇ? ಮತ್ತೆ ಯಾಕೆ ಮಾಡ್ಲಿಲ್ಲ?"

ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಆದರೆ ಹೇಳಬೇಕಾದವಳು ನಾನಲ್ಲ. ಅವಳನ್ನು ಕುರ್ಚಿಯ ಮೇಲೆ ಕೂರಿಸಿ ನಾನು ಮಹಡಿಗೆ ಹೋದೆ. ಒಂದೂವರೆ ವರ್ಷದಿಂದ ಆ ಮನೆಯಲ್ಲಿದ್ದರೂ ನಾನು ಅಕ್ಕನ ಕೋಣೆಯ ಬಾಗಿಲನ್ನು ತಟ್ಟದೆ ತೆಗೆದವಳಲ್ಲ. ಆ ದಿನ ತಟ್ಟಲಿಲ್ಲ. ಅಕ್ಕ ನಿನ್ನೆಯ ಬಟ್ಟೆಯಲ್ಲೇ ಮಂಚದ ಅಂಚಿನಲ್ಲಿ ಕೂತಿದ್ದಳು.

"ಕೆಳಗೆ ಬಾ ಅಕ್ಕ" ಎಂದೆ. "ಇಳಾ ಕೇಳ್ತಿದ್ದಾಳೆ. ನೀನೇ ಹೇಳ್ಬೇಕು." ಅವಳು ಏಳುವವರೆಗೆ ಬಾಗಿಲಲ್ಲೇ ನಿಂತಿದ್ದೆ.